ಹಳೆಯ ಕ್ಯಾಸೆಟ್ಟು, ಹೊಸ ಪರದೆ

ತೊಂಬತ್ತರ ದಶಕದಲ್ಲಿ ಮದುವೆ ನಡೆದ ಮನೆಗಳ ಕಪಾಟಿನಲ್ಲಿ ಒಂದಾದರೂ ವೀಡಿಯೋ ಕ್ಯಾಸೆಟ್ಟು ಇದ್ದೇ ಇರುತ್ತದೆ. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ಇರುವುದಿಲ್ಲ. ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯೂ 2016ರ ಜುಲೈಯಲ್ಲಿ ಆ ಕೆಲಸ ನಿಲ್ಲಿಸಿತು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬಿಳಿ ಬೂಷ್ಟು ಹಿಡಿಯುವುದು ಬೇರೆ. ಹಾಗಾಗಿ ಇರುವುದನ್ನು ಬೇಗ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಹಲವರು ಇಳಿಸಿಯೂ ಇದ್ದಾರೆ. ಆದರೆ ಆಮೇಲೆ ಎದುರಾಗುವ ಇನ್ನೊಂದು ತೊಡಕಿನ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಅದು ಪರದೆಯ ಆಕಾರದ ತೊಡಕು.

ಹಳೆಯ ಡಬ್ಬಿ ಟಿ.ವಿ.ಯ ಪರದೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ. 1890ರ ದಶಕದಲ್ಲಿ ಎಡಿಸನ್ನರ ಪ್ರಯೋಗಶಾಲೆಯಲ್ಲಿ ವಿಲಿಯಂ ಡಿಕ್ಸನ್ ಸಿನೆಮಾ ರೀಲಿಗೆ ಗೊತ್ತುಮಾಡಿದ ಅಳತೆ ಅದು. ಟಿ.ವಿ. ಬಂದಾಗ ಅದನ್ನೇ ಅನುಸರಿಸಿತು. ಈಗಿನ ಟಿ.ವಿ.ಯದು ಹದಿನಾರು ಪಾಲು ಅಗಲಕ್ಕೆ ಒಂಬತ್ತು ಪಾಲು ಎತ್ತರ. 1980ರ ದಶಕದಲ್ಲಿ ಅಮೆರಿಕದ ಇಂಜಿನಿಯರ್ ಕರ್ನ್ಸ್ ಪವರ್ಸ್ ಎಂಬವರು ಬಳಕೆಯಲ್ಲಿದ್ದ ಸಿನೆಮಾ ಮತ್ತು ಟಿ.ವಿ. ಅಳತೆಗಳ ಆಯತಗಳನ್ನು ಒಂದರ ಮೇಲೊಂದಿಟ್ಟು, ಎಲ್ಲವಕ್ಕೂ ಹೊಂದುವ ನಡುವಿನ ಆಯತವೊಂದನ್ನು ಸೂಚಿಸಿದರು. ಇದೊಂದು ರಾಜಿ. ಅಗಲದ ಸಿನೆಮಾಕ್ಕೆ ಮೇಲೆ ಕೆಳಗೆ, ಹಳೆಯ ಟಿ.ವಿ. ಚಿತ್ರಕ್ಕೆ ಎಡ ಬಲದಲ್ಲಿ ಸ್ವಲ್ಪ ಖಾಲಿ ಜಾಗ ಬಿಡಬೇಕೆಂಬುದು ಆ ರಾಜಿಯಲ್ಲೇ ಸೇರಿದೆ.

ಆದರೆ ಜನರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ದೊಡ್ಡ ಟಿ.ವಿ. ತಂದದ್ದು ಯಾಕೆ ಎಂದು ಕೇಳುತ್ತಾರೆ. ಆಗ ಎರಡು ದಾರಿಗಳಿವೆ. ಒಂದು, ಚಿತ್ರವನ್ನು ಎರಡೂ ಬದಿಗೆ ಎಳೆದು ಪರದೆ ತುಂಬಿಸುವುದು. ಹಾಗೆ ಮಾಡಿದರೆ ಅಗಲ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಒಂದೂವರೆ ಅಡಿಯ ಭುಜ ಎರಡು ಅಡಿಯಾಗುತ್ತದೆ. ಇನ್ನೊಂದು, ಆಕಾರ ಕೆಡಿಸದೆ ಇಡೀ ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸುವುದು. ಅದರಲ್ಲಿ ಚಿತ್ರದ ಕಾಲು ಭಾಗವೇ ಹೊರಟುಹೋಗುತ್ತದೆ.

ನಮ್ಮ ಅಕ್ಕನ ಮದುವೆ ನಡೆದದ್ದು 1994ರಲ್ಲಿ. ಅಮ್ಮ ತೀರಿಕೊಂಡದ್ದು 1999ರಲ್ಲಿ. ಅವರ ಫೋಟೋಗಳೇನೋ ಇವೆ. ಆದರೆ ಅವರು ನಡೆಯುವುದು, ತಿರುಗಿ ನೋಡಿ ನಗುವುದು, ಸೆರಗು ಎಳೆದುಕೊಳ್ಳುವುದು ಉಳಿದಿರುವುದು ಆ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅಮ್ಮ ಕಾಣುವುದು ಎರಡು ನಿಮಿಷಕ್ಕೂ ಕಡಿಮೆ. ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ, ಇನ್ನೊಮ್ಮೆ ಜಗಲಿಯ ಚಾಪೆಯ ಮೇಲೆ ನೆರೆಮನೆಯ ಹೆಂಗಸರ ಜೊತೆ ಕೂತು ವೀಳ್ಯದೆಲೆ ಒರೆಸುತ್ತಾ.

ಪೇಟೆಯ ಸ್ಟುಡಿಯೋ ಒಂದಕ್ಕೆ ಕೊಟ್ಟು ಅದನ್ನು ಪೆನ್ ಡ್ರೈವಿಗೆ ಹಾಕಿಸಿದೆವು. ಒಂದು ರಜೆಯಲ್ಲಿ ಒಡಹುಟ್ಟಿದವರೆಲ್ಲ ಸೇರಿ ನೋಡಲು ಕೂತೆವು. ಪರದೆ ಭರ್ತಿ ಚಿತ್ರ ಬಂತು. ಬಾಗಿಲಲ್ಲಿ ನಿಂತವರನ್ನು ನೋಡಿ ಅಜ್ಜಿಯನ್ನು ಕಾಣದೆ ಬೆಳೆದ ಅಕ್ಕನ ಮಗಳು, "ಅಜ್ಜಿ ಇಷ್ಟು ದಪ್ಪ ಇದ್ದರಾ ಅಮ್ಮಾ?" ಎಂದಳು. ಅಕ್ಕ ಏನೂ ಹೇಳಲಿಲ್ಲ. ನಮ್ಮ ಅಮ್ಮ ಕಡ್ಡಿಯಂತೆ ಇದ್ದವರು. ಜೀವಮಾನವಿಡೀ ತಾನು ಕೊನೆಗೆ ಉಂಡವರು.

ಸ್ಟುಡಿಯೋದವನಿಗೆ ಹೇಳಿದಾಗ, "ಸ್ಕ್ರೀನ್ ಫುಲ್ ಬಾರದಿದ್ದರೆ ಜನ ಬೈತಾರೆ ಸರ್" ಎಂದ. ಮತ್ತೆ ಮಾಡಿಕೊಟ್ಟ. ಈ ಸಲ ಅಮ್ಮ ದಪ್ಪ ಕಾಣಲಿಲ್ಲ. ಆದರೆ ಚಾಪೆಯ ಮೇಲಿನ ದೃಶ್ಯದಲ್ಲಿ ಅವರ ಕೈಗಳೇ ಇರಲಿಲ್ಲ. ನಿಂತು ಚಿತ್ರ ತೆಗೆಯುವವನ ಕ್ಯಾಮರಾದಲ್ಲಿ ನೆಲದ ಮೇಲೆ ಕೂತವರು ಕೆಳ ಅಂಚಿನಲ್ಲೇ ಇರುತ್ತಾರೆ. ಕತ್ತರಿ ಮೊದಲು ಬೀಳುವುದು ಅಲ್ಲಿಗೆ. ನಮ್ಮ ಮದುವೆಗಳಲ್ಲಿ ನೆಲದ ಮೇಲೆ ಕೂತಿರುವವರು ಯಾರೆಂದು ಹೇಳಬೇಕಾಗಿಲ್ಲ. ಮಕ್ಕಳು, ಮುದುಕಿಯರು, ಕೆಲಸ ಮಾಡುವ ಹೆಂಗಸರು.

ಕೊನೆಗೆ ತಮ್ಮನೇ ಕಂಪ್ಯೂಟರಿನಲ್ಲಿ ಕೂತು ಸರಿಪಡಿಸಿದ. ಕಷ್ಟದ ಕೆಲಸವೇನೂ ಅಲ್ಲ. ನಮ್ಮ ದೇಶದ ಪಾಲ್ ಪದ್ಧತಿಯ ಕ್ಯಾಸೆಟ್ಟನ್ನು ಇಳಿಸಿದಾಗ ಸಾಮಾನ್ಯವಾಗಿ 720×576 ಚುಕ್ಕಿಗಳ ಚಿತ್ರ ಸಿಗುತ್ತದೆ. ಆ ಚುಕ್ಕಿಗಳು ಚೌಕವಲ್ಲ. ಅದನ್ನು 768×576 ಮಾಡಿದರೆ ನಾಲ್ಕು-ಮೂರರ ಆಕಾರ ಸರಿಯಾಗಿ ಬರುತ್ತದೆ. ಹಳೆಯ ಟಿ.ವಿ. ಒಂದೊಂದು ಚಿತ್ರವನ್ನೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ, ಸೆಕೆಂಡಿಗೆ 50 ಕಂತಿನಂತೆ ತೋರಿಸುತ್ತಿತ್ತು. ಹೊಸ ಪರದೆಯಲ್ಲಿ ಅವೆರಡೂ ಒಟ್ಟಿಗೆ ಬಂದರೆ ಅಲುಗಾಡುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಾಣುತ್ತವೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಹೋಗಲಾಡಿಸಬಹುದು. ಚಿತ್ರದ ತಳದಲ್ಲಿ ಕದಡಿದಂತೆ ಕಾಣುವ ಕೆಲವು ಗೆರೆಗಳು ಕ್ಯಾಸೆಟ್ಟಿನಲ್ಲಿ ಮೊದಲಿನಿಂದಲೂ ಇದ್ದವೇ. ಡಬ್ಬಿ ಟಿ.ವಿ. ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದುದರಿಂದ ಕಾಣುತ್ತಿರಲಿಲ್ಲ, ಅಷ್ಟೆ. ಅದರ ಮೇಲೊಂದು ಕಪ್ಪು ಪಟ್ಟಿ ಹಾಕಿದರೆ ಸಾಕು.

ರಿಮೋಟಿನಲ್ಲಿ ಚಿತ್ರದ ಅಳತೆಯನ್ನು ನಾಲ್ಕು-ಮೂರಕ್ಕೆ ಬದಲಿಸಲು ಬರುವವರಿಗೆ ಇಷ್ಟು ಸಾಕು. ಬಾರದ ಹಿರಿಯರಿಗೆ ಕೊಡುವ ಪ್ರತಿಯಲ್ಲಿ ತಮ್ಮ ಇನ್ನೊಂದು ಕೆಲಸ ಮಾಡಿದ. 1920×1080ರ ಪರದೆಯ ನಡುವೆ 1440×1080ರ ಚಿತ್ರವನ್ನು ಕೂರಿಸಿ, ಎರಡೂ ಬದಿಗೆ 240 ಚುಕ್ಕಿಯಷ್ಟು ಕಪ್ಪನ್ನು ಸೇರಿಸಿಯೇ ಕೊಟ್ಟ. ಆಗ ಟಿ.ವಿ. ತಾನಾಗಿ ಅದನ್ನು ಎಳೆಯುವುದಿಲ್ಲ. ಕ್ಯಾಸೆಟ್ಟಿನಿಂದ ಮೊದಲು ಇಳಿಸಿದ ಪ್ರತಿಯನ್ನು ಮಾತ್ರ ಮುಟ್ಟದೆ ಬೇರೆಯಾಗಿ ಎರಡು ಕಡೆ ಇಟ್ಟಿದ್ದೇವೆ. ನಾಳೆ ಇನ್ನೂ ಒಳ್ಳೆಯ ತಂತ್ರಾಂಶ ಬಂದರೆ ಬೇಕಾಗುವುದು ಅದೇ.

ಬದಿಯ ಕಪ್ಪಿನಲ್ಲಿ ಅದೇ ಚಿತ್ರವನ್ನು ಮಸುಕಾಗಿಸಿ ತುಂಬುವ ರೂಢಿಯೂ ಈಗ ಬಂದಿದೆ. ವಾರ್ತಾ ಚಾನೆಲ್‌ಗಳು ಮೊಬೈಲಿನಲ್ಲಿ ನೆಟ್ಟಗೆ ಹಿಡಿದು ತೆಗೆದ ದೃಶ್ಯಗಳಿಗೆ ಹೀಗೆ ಮಾಡುತ್ತವೆ. ನೋಡುವವರ ಕಣ್ಣು ಅತ್ತಿತ್ತ ಹೋಗುವುದು ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ. ಕಪ್ಪಿದ್ದರೆ ಐದು ನಿಮಿಷದಲ್ಲಿ ಅದು ಮರೆತೇ ಹೋಗುತ್ತದೆ.

ನಾವು ಹೇಳಬೇಕೆಂದಿರುವುದು ಇಷ್ಟೇ. ತೀರಿಕೊಂಡವರನ್ನು ನೋಡಿ ಬಲ್ಲ ನಮಗೆ ಚಿತ್ರ ಕೆಟ್ಟರೂ ಅವರ ನಿಜರೂಪ ನೆನಪಿರುತ್ತದೆ. ನೋಡದ ಮಕ್ಕಳಿಗೆ ಪರದೆಯಲ್ಲಿ ಕಂಡದ್ದೇ ಅಜ್ಜಿ. ಆದುದರಿಂದ ಸ್ಟುಡಿಯೋಗೆ ಕ್ಯಾಸೆಟ್ಟು ಕೊಡುವಾಗ "ಎಳೆಯಬೇಡಿ, ಕತ್ತರಿಸಬೇಡಿ, ಇದ್ದ ಹಾಗೆಯೇ ಕೊಡಿ" ಎಂದು ಚೀಟಿಯಲ್ಲಿ ಬರೆದುಕೊಡಿ. ಪರದೆಯ ಎರಡು ಬದಿ ಖಾಲಿ ಉಳಿದರೆ ಉಳಿಯಲಿ.