ರಾಜಿಯ ಲೆಕ್ಕ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆಯನ್ನು ಗದ್ದೆಯ ಬದುವಿನ ತಕರಾರುಗಳ ನಡುವೆ ಕೇಳುತ್ತ ಬೆಳೆದವನು ನಾನು. ಅದು ಕಂಪನಿಗಳಿಗೂ ಒಪ್ಪುತ್ತದೆ ಎಂದು ತಿಳಿದದ್ದು ಸಿಂಗಪುರಕ್ಕೆ ಬಂದ ಮೇಲೆ.

ಹಳೆಯ ಕಂಪ್ಯೂಟರುಗಳ ಸೌಂಡ್ ಬ್ಲಾಸ್ಟರ್ ಕಾರ್ಡು ನೆನಪಿದೆಯೇ? ಅದನ್ನು ಮಾಡಿದ್ದು ಸಿಮ್ ವಾಂಗ್ ಹೂ 1981ರಲ್ಲಿ ಇಲ್ಲಿ ಕಟ್ಟಿದ ಕ್ರಿಯೇಟಿವ್ ಟೆಕ್ನಾಲಜಿ. 1998ರಲ್ಲಿ ಈ ಕಂಪನಿ ಅಮೆರಿಕದ ಆರಿಯಲ್ ಎಂಬ ಚಿಕ್ಕ ಕಂಪನಿಯ ಮೇಲೆ ಪೇಟೆಂಟ್ ದಾವೆ ಹೂಡಿತು. ಆರಿಯಲ್ ಬಗ್ಗಲಿಲ್ಲ. 1999ರ ಕೊನೆಗೆ ಗೆದ್ದೂ ಬಿಟ್ಟಿತು. ಆದರೆ ದಾವೆಯ ಖರ್ಚಿನಿಂದ ಬಸವಳಿದು ಮರುವರ್ಷವೇ ದಿವಾಳಿಯಾಯಿತು. ಅದರ ಆಸ್ತಿ ಕೊಂಡವರು ಯಾರು? ಸೋತ ಕ್ರಿಯೇಟಿವ್‌ನವರೇ!

2006ರ ಮೇ ತಿಂಗಳಲ್ಲಿ ಇದೇ ಕ್ರಿಯೇಟಿವ್, ಐಪಾಡ್ ತನ್ನ ಪೇಟೆಂಟನ್ನು ಉಲ್ಲಂಘಿಸಿದೆ ಎಂದು ತನಗಿಂತ ಎಷ್ಟೋ ದೊಡ್ಡದಾದ ಆಪಲ್ ಮೇಲೆ ಹೋಯಿತು. ಆಪಲ್ ಕೂಡ ಎದುರು ದಾವೆ ಹಾಕಿತು. ತೀರ್ಪಿಗೆ ಯಾರೂ ಕಾಯಲಿಲ್ಲ. ಆಗಸ್ಟ್‌ನಲ್ಲೇ ರಾಜಿಯಾಗಿ ಕ್ರಿಯೇಟಿವ್‌ಗೆ 10 ಕೋಟಿ ಡಾಲರ್ ಬಂತು.

ನಾನು ಲೆಕ್ಕ ಬರೆಯುತ್ತಿದ್ದ ಹನ್ನೆರಡು ಜನರ ಕಂಪನಿಗೂ ಒಮ್ಮೆ ಹಳೆಯ ಗಿರಾಕಿಯೊಬ್ಬರಿಂದ ವಕೀಲರ ನೋಟಿಸು ಬಂತು. ನಮ್ಮ ಕಡೆ ತಪ್ಪಿರಲಿಲ್ಲ, ಕಾಗದಪತ್ರಗಳೂ ಇದ್ದವು. ಇಲ್ಲಿ ಸೋತವರು ಗೆದ್ದವರ ಖರ್ಚು ಕೊಡುವುದು ವಾಡಿಕೆ, ಆದರೆ ಪೂರ್ತಿ ಖರ್ಚು ಹುಟ್ಟುವುದು ಅಪರೂಪ. ನಾನು ವಕೀಲರ ಶುಲ್ಕ ಬರೆದುಕೊಟ್ಟೆ. ಯಜಮಾನರು ಅದರ ಕೆಳಗೆ ಮೂರು ಸಾಲು ಸೇರಿಸಿದರು: ಇಬ್ಬರು ಎಂಜಿನಿಯರುಗಳು ಹಳೆಯ ಈಮೇಲು ಹುಡುಕುತ್ತ ಕೂರುವ ತಿಂಗಳುಗಳು, ಬ್ಯಾಂಕಿನವರ ಅನುಮಾನ, ತಮ್ಮ ನಿದ್ದೆ.

“ತಪ್ಪಿಲ್ಲದ ಮೇಲೆ ದುಡ್ಡು ಯಾಕೆ ಕೊಡಬೇಕು ಸಾರ್?” ಎಂದೆ.

“ನಾನು ನಿಜ ಎಂದು ಜಡ್ಜ್ ಹೇಳುವ ಹೊತ್ತಿಗೆ ನಿಮಗೆ ಸಂಬಳ ಕೊಡಲು ನಾನಿರಬೇಕಲ್ಲ,” ಎಂದರು.

ಸಂಧಾನಕಾರರ ಎದುರು ಒಂದೇ ದಿನದಲ್ಲಿ ಮುಗಿಯಿತು. ‘ತಪ್ಪನ್ನು ಒಪ್ಪಿಕೊಂಡಂತಲ್ಲ’ ಎಂಬ ಸಾಲು ಕರಾರಿನಲ್ಲಿತ್ತು. ಆದರೂ ಆ ಚೆಕ್ಕನ್ನು ಬರೆಯುವಾಗ ನನ್ನ ಹೊಟ್ಟೆ ಉರಿಯಿತು.

ಈ ಊರಿಗೆ ರಾಜಿ ಎಂದರೆ ನಾಚಿಕೆಯ ಮಾತಲ್ಲ. ಸಿಂಗಪುರ ಸಂಧಾನ ಕೇಂದ್ರ 1997ರಿಂದ ಇದೆ. ಗಡಿಯಾಚೆಯ ವ್ಯಾಪಾರದ ರಾಜಿಗಳಿಗೆ ಕಾನೂನಿನ ಬಲ ಕೊಡುವ ಸಿಂಗಪುರ ಒಪ್ಪಂದಕ್ಕೆ 2019ರ ಆಗಸ್ಟ್ 7ರಂದು ಇಲ್ಲೇ 46 ದೇಶಗಳು ಸಹಿ ಹಾಕಿದವು. ಭಾರತವೂ ಅವುಗಳಲ್ಲಿ ಒಂದು.

ಎಲ್ಲ ನೋಟಿಸಿಗೂ ದುಡ್ಡು ಕೊಡುತ್ತ ಹೋದರೆ ಅಂಗಡಿ ಮುಚ್ಚಬೇಕಾದೀತು, ನಿಜ. ಆದರೆ ಚಿಕ್ಕವನಿಗೆ ನ್ಯಾಯ ಸಿಕ್ಕರಷ್ಟೇ ಸಾಲದು, ಅದು ಸಿಗುವವರೆಗೆ ಬದುಕಿರಬೇಕು. ಯಜಮಾನರು ಕೊಂಡದ್ದು ಆ ಆಯುಷ್ಯವನ್ನು.