ಡ್ಯೂಟಿಯ ಓಡಾಟ ಸಾಕೇ?

ವಾರ್ಡಿನಲ್ಲಿ ಇಡೀ ದಿನ ಕಾಲಮೇಲೆ ನಿಂತಿರುವ ನರ್ಸಿಗೆ ‘ವ್ಯಾಯಾಮ ಮಾಡಿ’ ಎಂದರೆ ಸಿಟ್ಟು ಬರದೆ ಇನ್ನೇನು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ಕೆಲಸದ ಓಡಾಟವೂ ಆ ಲೆಕ್ಕಕ್ಕೆ ಸೇರುತ್ತದೆ. ಆದರೆ ಜೊತೆಗೇ ಇನ್ನೊಂದು ಮಾತಿದೆ: ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಬಗ್ಗಿ, ಎತ್ತಿ, ರೋಗಿಯನ್ನು ಮಗ್ಗುಲು ಹೊರಳಿಸುವವರ ಸೊಂಟಕ್ಕೆ ಬೇಕಾದದ್ದು ಇದೇ ಅನ್ನಿಸುತ್ತದೆ ನನಗೆ.

ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಮುಂಜಾನೆ ವಾಕಿಂಗಿನ ಉಪದೇಶ ಬೇಡ, ಪಾಪ, ಮೊದಲು ಮಲಗಲಿ. ಅಭ್ಯಾಸ ಹತ್ತಬೇಕಾದ್ದು ಓದುವ ಕಾಲದಲ್ಲೇ. ಸಂಜೆಯಾಗುತ್ತಲೇ ಗೇಟಿಗೆ ಬೀಗ ಹಾಕುವ ನರ್ಸಿಂಗ್ ಹಾಸ್ಟೆಲಿನವರು ಅಂಗಳದಲ್ಲಿ ಒಂದು ಥ್ರೋಬಾಲ್ ನೆಟ್ಟಾದರೂ ಕಟ್ಟಿಸಬಾರದೇ?