ತಾರಸಿಯ ಬಿಸಿಲು, ಊರಿನ ಬೆಳಕು

ಮನೆ ಕಟ್ಟುವಾಗ ನಮ್ಮ ಹಿರಿಯರು ಮೊದಲು ನೀರಿನ ಯೋಚನೆ ಮಾಡುತ್ತಿದ್ದರು. ದೀಪದ ಯೋಚನೆ ಆಮೇಲಿನದು. ಈಗ ದೀಪವು ಮನೆಯ ಮಾಡಿನ ಮೇಲೆಯೇ ಹುಟ್ಟುವ ಕಾಲ ಬಂದಿದೆ. ಬೊಮ್ಮಸಂದ್ರದ ನಮ್ಮ ಮನೆಯ ತಾರಸಿಯಲ್ಲಿ, ಸ್ನಾನದ ನೀರು ಕಾಯಿಸುವ ಹಳೆಯ ಸೋಲಾರ್ ಪಕ್ಕದಲ್ಲಿ, ಕಳೆದ ವರ್ಷ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ಹಾಕಿಸಿದೆವು. ಅವು ಸುಮಾರು 300 ಚದರಡಿ ಜಾಗ ಹಿಡಿದಿವೆ; ಒಳ್ಳೆಯ ಬಿಸಿಲಿನ ದಿನ ಹತ್ತು ಹನ್ನೆರಡು ಯೂನಿಟ್ ಕೊಡುತ್ತವೆ. 2024ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಇಷ್ಟು ಸಾಮರ್ಥ್ಯಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಒಂದು ಕೋಟಿ ಮನೆಗಳನ್ನು ಮುಟ್ಟುವುದು ಆ ಯೋಜನೆಯ ಗುರಿ.

ಇದನ್ನು ಬಿಲ್ಲಿನ ಉಳಿತಾಯವೆಂದಷ್ಟೇ ಕಾಣುವುದು ಸರಿಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದಿನಿಂದಲೂ ವಿದ್ಯುತ್ತೆಂದರೆ ದೂರದಲ್ಲೆಲ್ಲೋ ಹುಟ್ಟಿ, ತಂತಿ ಹಿಡಿದು ನಮ್ಮ ಬಾಗಿಲಿಗೆ ಬರುವ ವಸ್ತುವಾಗಿತ್ತು. ಈಗ ಮಧ್ಯಾಹ್ನದ ಹೊತ್ತು ಅದೇ ತಂತಿಯಲ್ಲಿ ನಮ್ಮ ಮನೆಯಿಂದ ಹೊರಕ್ಕೆ ಹರಿಯುತ್ತದೆ. ಬಂದದ್ದನ್ನೂ ಹೋದದ್ದನ್ನೂ ಒಂದೇ ಮೀಟರು ಲೆಕ್ಕವಿಡುತ್ತದೆ.

ಆದರೆ ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. ಲೈನಿನಲ್ಲಿ ವಿದ್ಯುತ್ತು ನಿಂತರೆ, ಸುಡುಬಿಸಿಲಿದ್ದರೂ, ಬ್ಯಾಟರಿಯಿಲ್ಲದ ಸೌರಫಲಕಗಳ ಕೆಲಸವೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ತು ಆಘಾತ ಮಾಡಬಾರದೆಂದು ಹಾಗೆ ಏರ್ಪಡಿಸಿದ್ದಾರೆ. ಕತ್ತಲಲ್ಲಿ ಬೆಳಕು ಬೇಕಾದರೆ ಬ್ಯಾಟರಿಯೂ ಅದಕ್ಕೆ ಹೊಂದುವ ಇನ್ವರ್ಟರೂ ಇರಬೇಕು. ನಾವು ಅದನ್ನೂ ಹಾಕಿಸಿದೆವು. ಆಗ ನನ್ನ ಮಗ, “ಅಪ್ಪಾಜಿ, ಇನ್ನೆರಡು ಬ್ಯಾಟರಿ ಸೇರಿಸಿದರೆ ಲೈನಿನ ಹಂಗೇ ಬೇಡ” ಎಂದನು.

ಅವನ ಮಾತು ಕೇಳಲು ಹಿತವಾಗಿತ್ತು. ಆದರೆ ನೆರೆಯ ಪಾಕಿಸ್ತಾನದಲ್ಲಿ ನಡೆದದ್ದನ್ನು ನೋಡಬೇಕು. ದುಬಾರಿ ದರಕ್ಕೂ ಕಡಿತಕ್ಕೂ ಬೇಸತ್ತ ಜನ ತಾವೇ ಫಲಕಗಳನ್ನು ಕೊಂಡರು. 2024 ಒಂದೇ ವರ್ಷದಲ್ಲಿ ಆ ದೇಶವು ಸುಮಾರು 17,000 ಮೆಗಾವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ತರಿಸಿಕೊಂಡಿತು. ಉಳ್ಳವರು ಲೈನಿನಿಂದ ಕೊಳ್ಳುವುದನ್ನು ಕಡಿಮೆ ಮಾಡಿದರು. ಆದರೆ ವಿದ್ಯುತ್ ಸ್ಥಾವರಗಳಿಗೆ ಒಪ್ಪಂದದಂತೆ ಕೊಡಬೇಕಾದ ಹಣ, ಕಂಬ ತಂತಿಗಳ ಖರ್ಚು, ಯಾವುದೂ ಕಡಿಮೆಯಾಗಲಿಲ್ಲ. ಆ ಭಾರವು ಫಲಕ ಕೊಳ್ಳಲಾರದವರ ತಲೆಯ ಮೇಲೆ ಬಿದ್ದಿತು.

ನಮ್ಮ ಆನೇಕಲ್ ಸೀಮೆಯ ಕೆರೆಗಳ ಕಥೆಯೂ ಇದೇ ಅಲ್ಲವೇ? ಊರಿಗೆಲ್ಲ ಕೆರೆಯೇ ಆಧಾರವಾಗಿದ್ದಾಗ ಊರವರೇ ಸೇರಿ ಹೂಳು ತೆಗೆಯುತ್ತಿದ್ದರು. ಅನುಕೂಲಸ್ಥರು ತಮ್ಮ ತಮ್ಮ ಕೊಳವೆಬಾವಿ ಕೊರೆಸಿಕೊಂಡ ಮೇಲೆ ಕೆರೆಯ ಚಿಂತೆ ಯಾರಿಗೂ ಇಲ್ಲವಾಯಿತು. ಕೆರೆ ಕೆಟ್ಟಿತು, ಕಾಲಕ್ರಮದಲ್ಲಿ ಕೊಳವೆಬಾವಿಯೂ ಬತ್ತಿತು. ವಿದ್ಯುತ್ ಜಾಲವೂ ಊರ ಕೆರೆಯಂತೆಯೇ.

ನಮ್ಮ ಮನೆಯ ಕೆಳಗಿನ ಸಾಲಿನಲ್ಲಿ ನಾಲ್ಕು ಬಾಡಿಗೆ ಕೋಣೆಗಳಿವೆ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವವರು ಅಲ್ಲಿದ್ದಾರೆ. ಬ್ಯಾಟರಿ ಬಂದ ವಾರದಲ್ಲೇ ಒಂದು ರಾತ್ರಿ ವಿದ್ಯುತ್ತು ಹೋಯಿತು. ಮೇಲೆ ನಮ್ಮ ಮನೆ ಬೆಳಗುತ್ತಿತ್ತು, ಕೆಳಗೆ ಕತ್ತಲೆ. ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ನಗುತ್ತಲೇ ಕೇಳಿದಳು: “ಬಿಸಲು ನಮ್ ಖೋಲಿ ಮ್ಯಾಲೂ ಬೀಳ್ತದಲ್ರಿ ಅಣ್ಣಾರ, ಬೆಳಕು ನಿಮ್ಮನಿಗಷ್ಟೇ ಯಾಕ್ರಿ?”

ಆ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸುವಂತಿರಲಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಅವಳಿಗೆ ಬಿಲ್ಲಿನ ಹೊರೆಯಿಲ್ಲ, ನಿಜ. ಆ ಹಣವನ್ನು ಸರ್ಕಾರದ ಬೊಕ್ಕಸ ತುಂಬುತ್ತದೆ. ಬೊಕ್ಕಸಕ್ಕೆ ತೆರುವವರು ನಾವೆಲ್ಲರೂ. ಆದರೆ ಸ್ವಂತ ತಾರಸಿಯಿಲ್ಲದ ಅವಳಿಗೆ ಲೈನಲ್ಲದೆ ಬೇರೆ ಗತಿಯಿಲ್ಲ. ನಾವು ಲೈನನ್ನು ಬಿಟ್ಟು ನಡೆದರೆ ಅದನ್ನು ಕಾಯುವವರು ಯಾರು?

ಆದ್ದರಿಂದ ಮನೆಯವರೆಲ್ಲ ಕುಳಿತು ಕೆಲವು ತೀರ್ಮಾನ ಮಾಡಿದೆವು. ಲೈನು ಬಿಡುವ ಮಾತಿಲ್ಲ. ನೀರಿನ ಮೋಟಾರು, ದೋಸೆಹಿಟ್ಟು ರುಬ್ಬುವುದು, ಬಟ್ಟೆ ಒಗೆಯುವ ಯಂತ್ರ ಇವೆಲ್ಲ ಹಗಲಿನಲ್ಲೇ. ನಮ್ಮ ರಾಜ್ಯದಲ್ಲಿ ಪಾವಗಡದ ಸೌರವನವೊಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಹಗಲಿಗೆ ಸೂರ್ಯನ ಆಸರೆಯಿದೆ, ಇಕ್ಕಟ್ಟೆಲ್ಲ ದೀಪ ಹಚ್ಚುವ ಹೊತ್ತಿನದು. ಹಾಗಾಗಿ ಸಂಜೆ ಆರರಿಂದ ಹತ್ತರವರೆಗೆ ನಮ್ಮ ಮನೆ ಬ್ಯಾಟರಿಯಲ್ಲಿ ನಡೆಯುತ್ತದೆ. ಅಷ್ಟರ ಮಟ್ಟಿಗೆ ಲೈನಿನ ಭಾರ ಇಳಿಯುತ್ತದೆ. ವಿದ್ಯುತ್ತು ಹೋದಾಗಿನ ಬಳಕೆಗೆಂದು ಒಂದಿಷ್ಟು ಉಳಿಸಿ, ಮೆಟ್ಟಿಲಿಗೂ ನಾಲ್ಕು ಕೋಣೆಗಳಿಗೂ ಒಂದೊಂದು ದೀಪದ ಪ್ರತ್ಯೇಕ ತಂತಿ ಎಳೆಸಿದೆವು. ಕೋಣೆಗಳ 9 ವ್ಯಾಟಿನ ನಾಲ್ಕು ಬಲ್ಬುಗಳು ಮೂರು ಗಂಟೆ ಉರಿದರೂ ತಗಲುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು ಮಾತ್ರ!

ಒಂದು ತಾರಸಿಯ ವಿದ್ಯುತ್ತನ್ನು ಹಲವು ಮೀಟರುಗಳ ಬಿಲ್ಲಿಗೆ ಹಂಚುವ ನಿಯಮವನ್ನು ದೆಹಲಿಯು 2019ರಲ್ಲೇ ರೂಪಿಸಿತು. ಇಂಥ ಏರ್ಪಾಡು ಬಾಡಿಗೆದಾರರು ತುಂಬಿದ ನಮ್ಮಂಥ ಊರುಗಳಲ್ಲಿ ಮನೆಮನೆಯ ಮಾತಾಗಬೇಕು. ಸೌರಫಲಕ ಹಾಕಿಸಬೇಕೆಂದಿರುವ ಸೋದರ ಸೋದರಿಯರಲ್ಲಿ ನನ್ನ ವಿನಂತಿ ಇಷ್ಟೇ: ಅವಶ್ಯವಾಗಿ ಹಾಕಿಸಿರಿ. ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕುವ ದಿನವೇ, ತಾರಸಿಯಿಲ್ಲದ ನೆರೆಯವರಿಗೆ ಅದರಲ್ಲಿ ಏನು ಸಲ್ಲುತ್ತದೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.